ಯೋಧ ಸೂಟಿಗೆ ಬಂದಾಗ: ಮನೆಯವರು ಮಾಡಬೇಕಾದ್ದು, ಬಿಡಬೇಕಾದ್ದು

ಗಡಿಯಿಂದ ಮಗನೋ ಗಂಡನೋ ಸೂಟಿಗೆ ಬರುತ್ತಾನೆಂದರೆ ನಮ್ಮ ಕಡೆ ಅದು ಊರಿಗೇ ಸುದ್ದಿ. ಬೆಳಗಾವಿ, ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರದ ಎಷ್ಟೋ ಹಳ್ಳಿಗಳಲ್ಲಿ ಓಣಿಗೊಂದು ಮಿಲ್ಟ್ರಿಯವರ ಮನೆ ಇದೆ. ಕೊಡಗಿನಲ್ಲಂತೂ ಇದು ತಲೆಮಾರುಗಳ ಮಾತು. ಹಾರ, ಆರತಿ, ಹೋಳಿಗೆ ಇವನ್ನು ನಮಗೆ ಯಾರೂ ಕಲಿಸಬೇಕಿಲ್ಲ. ಕಷ್ಟ ಶುರುವಾಗುವುದು ಹಾರ ಬಾಡಿದ ಮೇಲೆ. ಬಂದು ನಾಲ್ಕು ದಿನವಾಗುವಷ್ಟರಲ್ಲಿ ಮನೆಯಲ್ಲಿ ಒಂಥರಾ ಬಿಗುವು ಬಂದಿರುತ್ತದೆ. "ಹುಡುಗ ಬದಲಾಗ್ಯಾನ" ಎಂದು ತಾಯಿ ನೆರೆಮನೆಯಲ್ಲಿ ಹೇಳುತ್ತಾಳೆ. "ಬಂದಾರ, ಆದ್ರ ಬಂದಂಗ ಅನಿಸೂದಿಲ್ಲ" ಎಂದು ಹೆಂಡತಿ ಅಕ್ಕನಿಗೆ ಫೋನ್ ಮಾಡುತ್ತಾಳೆ.

ನಾನೂ ಯೋಧನ ಹೆಂಡತಿ. ನನ್ನ ಮನೆಯಲ್ಲಿ, ನೆಗೆಣ್ಣಿಯ ಮನೆಯಲ್ಲಿ, ಓಣಿಯ ಇತರ ಮನೆಗಳಲ್ಲಿ ಕಂಡದ್ದನ್ನೂ, ಯೂನಿಟ್‌ಗಳಲ್ಲಿ ಕುಟುಂಬದವರಿಗೆ ಹೇಳುವ ಮಾತುಗಳನ್ನೂ ಸೇರಿಸಿ ಇದನ್ನು ಬರೆಯುತ್ತಿದ್ದೇನೆ. ನನ್ನ ಮುಖ್ಯ ಮಾತು ಇಷ್ಟೇ: ಬರುವ ದಿನಕ್ಕೆಂದು ಇಟ್ಟುಕೊಂಡ ಉತ್ಸಾಹದಲ್ಲಿ ಅರ್ಧವನ್ನು ಬಂದ ಮೇಲಿನ ಹದಿನೈದು ದಿನಗಳಿಗೆ ಉಳಿಸಿಕೊಳ್ಳಿ.

1. ತಾರೀಖನ್ನು ಗಟ್ಟಿ ಹಿಡಿಯಬೇಡಿ

ಜವಾನರಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುವಲ್ ರಜೆ ಎಂಬ ಲೆಕ್ಕವಿದೆ. ಅಗ್ನಿವೀರರಿಗೆ ವರ್ಷಕ್ಕೆ 30 ದಿನ. ಆದರೆ ರಜೆ ಮಂಜೂರಾಗುವುದು ಬೇರೆ, ಮನೆ ಮುಟ್ಟುವುದು ಬೇರೆ. ಸಿಯಾಚಿನ್‌ನ ಪೋಸ್ಟಿನಿಂದ ಇಳಿಯುವವನು ಮೊದಲು ಬೇಸ್ ಕ್ಯಾಂಪ್ ಮುಟ್ಟಬೇಕು, ಅಲ್ಲಿಂದ ಥೋಯ್ಸ್ ಅಥವಾ ಲೇಹ್‌ಗೆ ಬಂದು ಸೇನೆಯವರನ್ನು ಕರೆತರುವ ವಿಮಾನಕ್ಕೆ ಕಾಯಬೇಕು. ಹವೆ ಕೆಟ್ಟರೆ ಆ ವಿಮಾನ ಹಾರುವುದಿಲ್ಲ. ಕಾಶ್ಮೀರ ಕಣಿವೆಯಿಂದ ರಸ್ತೆಯಲ್ಲಿ ಬರುವವರಿಗೆ ರಾಮಬನ್ ಹತ್ತಿರ ಗುಡ್ಡ ಕುಸಿದರೆ ದಾರಿಯೇ ಬಂದ್. ಜಮ್ಮು ಮುಟ್ಟಿ ರೈಲು ಹತ್ತಿದ ಮೇಲೂ ಹುಬ್ಬಳ್ಳಿಯೋ ಬೆಳಗಾವಿಯೋ ಇನ್ನೂ ಎರಡು ದಿನಕ್ಕಿಂತ ದೂರ.

ಆದ್ದರಿಂದ ಮಗುವಿನ ಜಾವಳ, ತಂಗಿಯ ನಿಶ್ಚಯ, ಮನೆಯ ವಾಸ್ತುಶಾಂತಿ ಯಾವುದನ್ನೂ ಅವರು ಬರುವ ಮರುದಿನಕ್ಕೆ ಇಡಬೇಡಿ. ನಡುವೆ ಒಂದು ವಾರವಾದರೂ ಬಿಡಿ. ಇದರಿಂದ ಅವರಿಗೂ ಹಗುರ. ಜಮ್ಮು ಸ್ಟೇಷನ್ನಿನಲ್ಲಿ ವೇಟಿಂಗ್ ಲಿಸ್ಟ್ ಟಿಕೆಟ್ ಹಿಡಿದು ನಿಂತವನಿಗೆ "ನೀ ಬರಲಿಲ್ಲಂದ್ರ ಕಾರ್ಯ ಹೆಂಗ ಮಾಡೂದು?" ಎಂಬ ಫೋನು ಬರಬಾರದು.

ಫೋನ್ ಸಿಗದಿದ್ದರೆ ಗಾಬರಿಯಾಗಬೇಡಿ. ಹೊರ ರಾಜ್ಯದ ಪ್ರೀಪೇಯ್ಡ್ ಸಿಮ್ ಜಮ್ಮು-ಕಾಶ್ಮೀರದಲ್ಲಿ, ಲಡಾಖ್‌ನಲ್ಲಿ ನಡೆಯುವುದಿಲ್ಲ. ಅಲ್ಲಿ ಅವರದು ಬೇರೆ ನಂಬರು. ಪಠಾಣ್‌ಕೋಟ್ ದಾಟಿದ ಮೇಲೆ ಹಳೆಯ ಕರ್ನಾಟಕದ ನಂಬರಿನಿಂದ ಫೋನ್ ಬಂತೆಂದರೆ ಇನ್ನು ದಾರಿ ಸಲೀಸು ಎಂದು ತಿಳಿಯಬಹುದು. ನೌಕಾಪಡೆಯವರ ಮನೆಗಳ ಲೆಕ್ಕ ಬೇರೆ. ಕಾರವಾರದ ಕದಂಬ ನೆಲೆಗೆ ಹಡಗು ಮರಳುವ ದಿನವೂ ಹಿಂದೆ ಮುಂದೆ ಆಗುತ್ತದೆ, ಸಮುದ್ರದ ನಡುವೆ ವಾರಗಟ್ಟಲೆ ಫೋನ್ ಇರುವುದಿಲ್ಲ.

ರಜೆ ಅರ್ಧಕ್ಕೇ ಮುರಿಯಬಹುದು ಎಂಬುದೂ ಮನಸ್ಸಿನಲ್ಲಿರಲಿ. 2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರದ ಹೊತ್ತಿಗೆ ಊರಿಗೆ ಬಂದಿದ್ದವರೂ ಕರೆ ಬಂದ ಕೂಡಲೇ ಬ್ಯಾಗ್ ಕಟ್ಟಿ ಹೊರಟರು. ಅವರೊಟ್ಟಿಗೆ ಮಾಡಲೇಬೇಕಾದ ಕೆಲಸವಿದ್ದರೆ ರಜೆಯ ಕೊನೆಯ ವಾರಕ್ಕೆ ತಳ್ಳಬೇಡಿ.

2. ಸುದ್ದಿಯನ್ನು ಮನೆಯೊಳಗೇ ಇಟ್ಟುಕೊಳ್ಳಿ

ಯಾವ ರೈಲು, ಎಷ್ಟು ಗಂಟೆ, ಯಾವ ಯೂನಿಟ್, ಎಲ್ಲಿಂದ ಬರುತ್ತಿದ್ದಾರೆ ಎಂಬುದನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಬೇಡಿ, ಫ್ಲೆಕ್ಸಿನಲ್ಲಿ ಬರೆಸಬೇಡಿ. 2020ರ ಜುಲೈನಲ್ಲಿ ಸೇನೆ ತನ್ನವರಿಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿದಂತೆ 89 ಆ್ಯಪ್‌ಗಳನ್ನು ತೆಗೆಯಲು ಹೇಳಿತ್ತು. ಅವರು ಅಷ್ಟು ಕಟ್ಟುನಿಟ್ಟಾಗಿದ್ದು, ತಮ್ಮನ ರೀಲ್ಸ್‌ನಲ್ಲಿ ಸಮವಸ್ತ್ರದ ಫೋಟೋ, ಪೋಸ್ಟಿಂಗಿನ ಊರಿನ ಹೆಸರು ಎರಡೂ ಬಂದರೆ ಏನು ಉಪಯೋಗ? ಮನೆಯ ಹುಡುಗರಿಗೆ ಮೊದಲೇ ಕೂರಿಸಿ ಹೇಳಿ.

3. ಮುಚ್ಚಿಟ್ಟ ಸುದ್ದಿಗಳನ್ನು ಯಾರು ಹೇಳಬೇಕೆಂದು ಮೊದಲೇ ತೀರ್ಮಾನಿಸಿ

"ಅವಗ ಹೇಳಬ್ಯಾಡ್ರಿ, ದೂರ ಅದಾನ, ಸುಮ್ನ ಚಿಂತಿ ಮಾಡ್ತಾನ." ಈ ಮಾತು ಕೇಳದ ಮಿಲ್ಟ್ರಿ ಮನೆ ಇರಲಿಕ್ಕಿಲ್ಲ. ಅಪ್ಪನ ಸಕ್ಕರೆ ಕಾಯಿಲೆ ಹೆಚ್ಚಾದದ್ದು, ಬೋರ್‌ವೆಲ್ ಬತ್ತಿದ್ದು, ಎಮ್ಮೆ ಮಾರಿದ್ದು, ಹೊಲದ ಬದುವಿನ ಜಗಳ, ಗೆಳೆಯನೊಬ್ಬ ತೀರಿಕೊಂಡದ್ದು, ಹೀಗೆ ತಿಂಗಳುಗಟ್ಟಲೆ ಮುಚ್ಚಿಟ್ಟ ಸಂಗತಿಗಳ ದೊಡ್ಡ ಗಂಟೇ ಮನೆಯಲ್ಲಿರುತ್ತದೆ. ಪ್ರೀತಿಯಿಂದಲೇ ಮುಚ್ಚಿಟ್ಟದ್ದು. ಆದರೆ ಬಸ್‌ಸ್ಟ್ಯಾಂಡಿನ ಚಹಾದ ಅಂಗಡಿಯಲ್ಲಿ ಮೂರನೆಯವರ ಬಾಯಿಂದ ಅದನ್ನು ಕೇಳಿದರೆ ತನ್ನನ್ನು ಮನೆಯವರೇ ಹೊರಗಿಟ್ಟರು ಅನಿಸುತ್ತದೆ. ಆ ನೋವು ಬೇಗ ಹೋಗುವುದಿಲ್ಲ.

ಹಾಗಾಗಿ ಹೇಳುವವರು ಯಾರು ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ಒಬ್ಬರೇ ಹೇಳಿ. ಸಾವಿನ ಸುದ್ದಿಯಾದರೆ ಊರಿನ ಜನ ಭೇಟಿಯಾಗುವ ಮುಂಚೆ, ಬಂದ ದಿನವೇ ಹೇಳಬೇಕು. ಸಾಲ, ತಕರಾರುಗಳಿಗೆ ಎರಡು ಮೂರು ದಿನ ತಡೆಯಬಹುದು, ಅದಕ್ಕಿಂತ ಹೆಚ್ಚು ಬೇಡ. ಹೇಳುವಾಗ "ನೀ ಇರಲಿಲ್ಲ, ಅದಕ್ಕ ಹಿಂಗಾತು" ಎಂಬ ಮಾತು ಬಾರದಂತೆ ನೋಡಿಕೊಳ್ಳಿ. ಅವನು ಇರಲಿಲ್ಲ ಎಂಬುದು ಅವನಿಗೆ ನಮಗಿಂತ ಚೆನ್ನಾಗಿ ಗೊತ್ತು.

4. ಬರುವ ದಿನ

ಸ್ಟೇಷನ್ನಿಗೆ ಎಷ್ಟು ಜನ ಬರಲಿ ಎಂದು ಅವರನ್ನೇ ಕೇಳಿ. ಕೆಲವರಿಗೆ ಊರವರೆಲ್ಲ ಬಂದರೆ ಖುಷಿ, ಕೆಲವರಿಗೆ ಅಣ್ಣನೊಬ್ಬ ಬೈಕ್ ತಂದರೆ ಸಾಕು. ಕರ್ತವ್ಯ ಮುಗಿಸಿ ನಿವೃತ್ತರಾಗಿ ಬರುವವರನ್ನು ತೆರೆದ ಜೀಪಿನಲ್ಲಿ ಮೆರವಣಿಗೆ ಮಾಡುವುದು ಈಗ ನಮ್ಮ ಕಡೆ ರೂಢಿಯಾಗಿದೆ, ಅದು ಅವರಿಗೆ ಸಲ್ಲಬೇಕಾದ ಗೌರವವೇ. ಅಲ್ಲೂ ಒಂದು ಮಾತನ್ನು ಕಡ್ಡಾಯವಾಗಿ ಪಾಲಿಸಿ: ಪಟಾಕಿ ಬೇಡ. ನಿಯಂತ್ರಣ ರೇಖೆಯ ಹತ್ತಿರ ಇದ್ದು ಬಂದವರಿಗೆ ಹಠಾತ್ ಸಿಡಿಯುವ ಸದ್ದು ಸಂಭ್ರಮವಾಗಿ ಕೇಳಿಸುವುದಿಲ್ಲ. ಮೈ ತಾನಾಗಿಯೇ ಬಿಗಿಯುತ್ತದೆ, ಎಲ್ಲರೆದುರು ಅದನ್ನು ಅಡಗಿಸಿಕೊಳ್ಳಬೇಕಾದ ಕಷ್ಟ ಅವರದಾಗುತ್ತದೆ. ಡೊಳ್ಳು ಬಾರಿಸುವವರಿದ್ದರೆ ಅವರು ಬರುವುದು ಕಣ್ಣಿಗೆ ಕಾಣುವಂತಿರಲಿ, ಬೆನ್ನ ಹಿಂದಿನಿಂದ ಒಮ್ಮೆಲೇ ಶುರುವಾಗುವುದು ಬೇಡ.

ಬಾಗಿಲಲ್ಲಿ ಕಾಲಿಗೆ ನೀರು ಹಾಕಿ, ರೊಟ್ಟಿ ನೀರು ನಿವಾಳಿಸಿ ಒಳಗೆ ಕರೆದುಕೊಳ್ಳಿ. ಆಮೇಲೆ ಸ್ನಾನ, ಊಟ, ನಿದ್ದೆ, ಇದೇ ಕ್ರಮ. ಎರಡು ಮೂರು ದಿನ ರೈಲಿನಲ್ಲಿ ಕೂತು ಬಂದವರನ್ನು ಹೊರಗಿನ ಕಟ್ಟೆಯ ಮೇಲೆ ಕೂರಿಸಿ ಚಹಾದ ಮೇಲೆ ಚಹಾ ಕೊಡುತ್ತ ಮಾತಿಗೆ ಎಳೆಯಬೇಡಿ. ಊಟವೂ ಸರಳವಾಗಿರಲಿ. ಎತ್ತರದ ಪೋಸ್ಟುಗಳಲ್ಲಿ ತಿಂಗಳುಗಟ್ಟಲೆ ಡಬ್ಬಿ ಊಟ ಉಂಡವರು ಹೋಳಿಗೆ ಬೇಡುವುದಿಲ್ಲ, ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಹಸಿ ಮೂಲಂಗಿ, ಮೊಸರು ಬೇಡುತ್ತಾರೆ. ಹಬ್ಬದ ಅಡುಗೆ ನಾಲ್ಕು ದಿನ ಬಿಟ್ಟು ಮಾಡಿ, ಆಗ ಹೊಟ್ಟೆಯೂ ಒಪ್ಪುತ್ತದೆ.

5. ಮೈ ಮನೆಗೆ ಬರಲು ಹೊತ್ತು ಬೇಕು

ಹದಿನೆಂಟು ಸಾವಿರ ಅಡಿ ಮೇಲಿನ ಪೋಸ್ಟಿನಲ್ಲಿ ಹಸಿವು ಕುಗ್ಗುತ್ತದೆ, ತೂಕ ಇಳಿಯುತ್ತದೆ, ನಿದ್ದೆ ತುಂಡು ತುಂಡಾಗುತ್ತದೆ. ಕೆಳಗಿಳಿದ ಮೇಲೆ ಕೆಲವು ದಿನ ವಿಪರೀತ ಸುಸ್ತು, ಹಗಲಲ್ಲೂ ಜೋಂಪು ಇರುತ್ತದೆ. ಇದನ್ನು ಸೋಮಾರಿತನ ಎನ್ನಬೇಡಿ. ಬೆಳಗಿನ ಜಾವ ಮೂರಕ್ಕೆ ಎದ್ದು ಅಂಗಳದಲ್ಲಿ ಅಡ್ಡಾಡಿದರೂ ಪ್ರಶ್ನೆ ಮಾಡಬೇಡಿ, ಸೆಂಟ್ರಿ ಡ್ಯೂಟಿಯ ರೂಢಿ ಅಷ್ಟು ಬೇಗ ಬಿಡುವುದಿಲ್ಲ. ಮಲಗಿದವರನ್ನು ಎಬ್ಬಿಸುವಾಗ ಮೈ ಮುಟ್ಟಿ ಅಲ್ಲಾಡಿಸಬೇಡಿ. ಸ್ವಲ್ಪ ದೂರದಲ್ಲಿ, ಕಾಲಿನ ಕಡೆ ನಿಂತು ಹೆಸರು ಹಿಡಿದು ಕರೆಯಿರಿ. ಮಕ್ಕಳಿಗೂ ಇದನ್ನೇ ಹೇಳಿಕೊಡಿ.

ಕೆಲವು ಲಕ್ಷಣಗಳನ್ನು ಮಾತ್ರ ಕಡೆಗಣಿಸಬಾರದು. ಒಂದೇ ಕಾಲು ಊದಿಕೊಂಡು ಮೀನಖಂಡದಲ್ಲಿ ನೋವಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಎತ್ತರದಲ್ಲಿ ಬಹಳ ದಿನ ಇದ್ದವರಿಗೆ, ಅದರ ಮೇಲೆ ದೀರ್ಘ ಪ್ರಯಾಣ ಮಾಡಿದವರಿಗೆ, ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಊತದ ಜೊತೆ ಎದೆನೋವು, ಏದುಸಿರು ಬಂದರೆ ಅದು ತುರ್ತು. ಆ ಕಾಲನ್ನು ಎಣ್ಣೆ ಹಚ್ಚಿ ತಿಕ್ಕಲೇಬೇಡಿ. ಹಿಮಕ್ಕೆ ಮರಗಟ್ಟಿ ಸ್ಪರ್ಶ ಕಳೆದುಕೊಂಡ ಬೆರಳಿಗೆ ಬಿಸಿನೀರಿನ ಕಾವೂ ಬೇಡ, ಬಿಸಿ ಗೊತ್ತಾಗದೆ ಚರ್ಮ ಬೆಂದುಹೋಗುತ್ತದೆ.

ಈಶಾನ್ಯ ರಾಜ್ಯಗಳ ಕಾಡಿನಿಂದ ಬಂದವರಿಗೆ, ವಿಶ್ವಸಂಸ್ಥೆಯ ಶಾಂತಿಪಾಲನೆಗೆಂದು ಕಾಂಗೋ, ದಕ್ಷಿಣ ಸುಡಾನ್‌ಗೆ ಹೋಗಿ ಬಂದವರಿಗೆ ಜ್ವರ ಬಂದರೆ, ಬಂದು ಒಂದೆರಡು ತಿಂಗಳಾಗಿದ್ದರೂ ಸರಿ, ಎಲ್ಲಿಂದ ಬಂದದ್ದೆಂದು ಡಾಕ್ಟರಿಗೆ ಮೊದಲೇ ಹೇಳಿ ಮಲೇರಿಯಾ ಪರೀಕ್ಷೆ ಮಾಡಿಸಿ. ಊರಿನ ಡಾಕ್ಟರು ನೆಗಡಿ ಜ್ವರವೆಂದು ತಿಳಿದರೆ ಅದು ಅವರ ತಪ್ಪಲ್ಲ, ಹೇಳಬೇಕಾದವರು ನಾವು.

6. ಮೊದಲ ವಾರ ಬಾಗಿಲು ಕಾಯುವವರೊಬ್ಬರು ಇರಲಿ

"ಯಾವಾಗ ಬಂದಿ ತಮ್ಮಾ? ಮತ್ತ ಯಾವಾಗ ಹೊಂಟಿ?" ಸೂಟಿಗೆ ಬಂದ ಯೋಧನ ಕಿವಿಗೆ ದಿನಕ್ಕೆ ಹತ್ತು ಸಲ ಬೀಳುವ ಪ್ರಶ್ನೆ ಇದು. ಕೇಳುವವರಲ್ಲಿ ಕೆಟ್ಟ ಮನಸ್ಸಿಲ್ಲ, ಆದರೆ ಹಾಸಿಗೆ ಬಿಚ್ಚುವ ಮುಂಚೆಯೇ ಹೊರಡುವ ದಿನ ಎಣಿಸುವಂತಾಗುತ್ತದೆ. ಮನೆಯವರಾದ ನಾವಾದರೂ ಇದನ್ನು ಕೇಳದಿರೋಣ. ಇದಕ್ಕಿಂತ ಕೆಟ್ಟದ್ದು "ಎಷ್ಟು ಮಂದಿನ್ನ ಹೊಡದಿ?" ಎಂಬ ಪ್ರಶ್ನೆ. ಯಾರಾದರೂ ಕೇಳಿದರೆ ಹತ್ತಿರ ಇದ್ದವರು ಮಾತು ಬದಲಿಸಬೇಕು. ಹೇಳಬೇಕೆನಿಸಿದಾಗ, ಹೇಳಬೇಕೆನಿಸಿದಷ್ಟನ್ನು ಅವರೇ ಹೇಳುತ್ತಾರೆ. ಆಗ ಟಿವಿ ಆರಿಸಿ ಕೇಳಿ.

ಇನ್ನು ಬರುವವರ ಕೋರಿಕೆಗಳು. ಕ್ಯಾಂಟೀನಿನ ಬಾಟಲಿ, ಮಿಕ್ಸರ್, ಕೈಗಡ, ತಮ್ಮನ ಭರ್ತಿಗೆ ಶಿಫಾರಸು. ಮನೆಯ ಹಿರಿಯರೊಬ್ಬರು, ಮಾವನೋ ದೊಡ್ಡಪ್ಪನೋ, "ಇನ್ನೂ ದಣಿದಾನ, ಮುಂದಿನ ವಾರ ಬರ್ರಿ" ಎಂದು ಹೇಳುವ ಜವಾಬ್ದಾರಿ ವಹಿಸಿಕೊಳ್ಳಲಿ. ಹೆಂಡತಿ ಹೇಳಿದರೆ ಅವಳಿಗೆ ಕೆಟ್ಟ ಹೆಸರು ಬರುತ್ತದೆ, ಹಿರಿಯರು ಹೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಈಗ ಹೆಣ್ಣುಮಕ್ಕಳೂ ಸೇನೆಯಿಂದ ಸೂಟಿಗೆ ಬರುತ್ತಿದ್ದಾರೆ. ಮಿಲಿಟರಿ ಪೊಲೀಸ್ ದಳದ ಮೊದಲ 83 ಮಹಿಳಾ ಸೈನಿಕರು ತರಬೇತಿ ಮುಗಿಸಿದ್ದು ಬೆಂಗಳೂರಿನಲ್ಲೇ, 2021ರ ಮೇ ತಿಂಗಳಲ್ಲಿ. ಆ ಮಗಳು ಬಂದ ಎರಡನೆಯ ದಿನಕ್ಕೇ ವರನ ಫೋಟೋ ತೋರಿಸಬೇಡಿ, ಅಡುಗೆಮನೆಯನ್ನೂ ಒಪ್ಪಿಸಬೇಡಿ. ಅಣ್ಣನಿಗೆ ಕೊಡುವಷ್ಟೇ ವಿಶ್ರಾಂತಿ ಅವಳಿಗೂ ಬೇಕು.

7. ಮಕ್ಕಳನ್ನು ದೂಡಬೇಡಿ

ಎಂಟು ಹತ್ತು ತಿಂಗಳ ಮೇಲೆ ಬಂದ ಅಪ್ಪನನ್ನು ಕಂಡು ಎರಡು ವರ್ಷದ ಮಗು ಅಮ್ಮನ ಸೀರೆಯ ಹಿಂದೆ ಬಚ್ಚಿಟ್ಟುಕೊಳ್ಳುತ್ತದೆ. ಅದಕ್ಕೆ ಅಪ್ಪನೆಂದರೆ ಫೋನಿನಲ್ಲಿ ಕಾಣುವ ಮುಖ. ಈ ಮನುಷ್ಯ ದೊಡ್ಡವನು, ದನಿ ಜೋರು, ಗಡ್ಡ ಚುಚ್ಚುತ್ತದೆ. "ಹೋಗು, ಪಪ್ಪಾನ ಕಡೆ ಹೋಗು" ಎಂದು ಎಲ್ಲರೂ ಸುತ್ತ ನಿಂತು ದೂಡಿದರೆ ಮಗು ಅಳುತ್ತದೆ, ಅಪ್ಪನ ಮುಖ ಬಾಡುತ್ತದೆ. ಮಗುವಿನ ಅಳು ಐದು ನಿಮಿಷದಲ್ಲಿ ನಿಂತರೂ ಅಪ್ಪನ ಒಳಗಿನದು ನಿಲ್ಲುವುದಿಲ್ಲ.

ಬದಲಿಗೆ ಅಪ್ಪ ನೆಲದ ಮೇಲೆ ಕೂರಲಿ, ಮಗುವಿನ ಎತ್ತರಕ್ಕೆ ಬರಲಿ. ಎತ್ತಿಕೊಳ್ಳುವ ಆತುರ ಬೇಡ. ಮಗು ತಾನಾಗಿ ಆಟಿಕೆಯೊಂದನ್ನು ತಂದು ಕೊಡುವವರೆಗೆ ಕಾಯಲಿ. ಎರಡನೆಯ ದಿನದಿಂದ ದಿನಕ್ಕೊಂದು ಕೆಲಸ ಅವರಿಬ್ಬರದೇ ಆಗಿರಲಿ: ಸ್ನಾನ ಮಾಡಿಸುವುದೋ, ಸಂಜೆ ಕರುವಿಗೆ ಹುಲ್ಲು ಹಾಕಲು ಕರೆದೊಯ್ಯುವುದೋ. ಬರುವ ಮುಂಚೆ ಫೋಟೋ ತೋರಿಸಿ, ದನಿ ರೆಕಾರ್ಡ್ ಮಾಡಿಸಿ ಮಲಗುವಾಗ ಕೇಳಿಸಿದ್ದರೆ ಈ ದೂರ ಇನ್ನೂ ಬೇಗ ಕರಗುತ್ತದೆ.

ಶಾಲೆಗೆ ಹೋಗುವ ಮಕ್ಕಳ ಕಷ್ಟ ಬೇರೆ ಬಗೆಯದು. ವರ್ಷವಿಡೀ "ಅಪ್ಪ ಬರಲಿ, ಹೇಳ್ತೀನಿ" ಎಂದು ನಾವೇ ಹೆದರಿಸಿರುತ್ತೇವೆ. ದಯವಿಟ್ಟು ಆ ಮಾತನ್ನು ಬಿಟ್ಟುಬಿಡಿ, ಅದು ಅಪ್ಪ ಬರುವ ದಿನವನ್ನು ಶಿಕ್ಷೆಯ ದಿನ ಮಾಡುತ್ತದೆ. ಮೊದಲ ವಾರ ಅಂಕಪಟ್ಟಿ, ದೂರು, ಶಿಸ್ತು ಯಾವುದೂ ಬೇಡ. ಹದಿಹರೆಯದ ಮಗ ಸಿಡುಕಿದರೆ, ಅವನು ಇಷ್ಟು ದಿನ ಮನೆಯ ಗಂಡಸಿನ ಕೆಲಸ ಮಾಡುತ್ತಿದ್ದ ಎಂಬುದನ್ನು ಅಪ್ಪ ನೆನೆಯಲಿ. ಅವನ ಕೈಯಿಂದ ಬೈಕಿನ ಕೀಲಿಯನ್ನೂ ಹೊಲದ ನೀರಿನ ಪಾಳಿಯನ್ನೂ ಒಮ್ಮೆಲೇ ಕಿತ್ತುಕೊಳ್ಳುವುದು ಬೇಡ.

8. ಹೆಂಡತಿ, ತಾಯಿ, ಮನೆಯ ಯಜಮಾನಿಕೆ

ಈ ಭಾಗ ಬರೆಯುವಾಗ ನನಗೆ ಸಂಕೋಚವಿಲ್ಲ, ಯಾಕೆಂದರೆ ಹೆಚ್ಚಿನ ಕಣ್ಣೀರು ಇಲ್ಲೇ ಸುರಿಯುತ್ತದೆ. ಗಂಡ ಇಲ್ಲದ ತಿಂಗಳುಗಳಲ್ಲಿ ಹೆಂಡತಿ ಕಬ್ಬಿನ ಬಿಲ್ಲಿಗಾಗಿ ಓಡಾಡಿರುತ್ತಾಳೆ, ಸೊಸೈಟಿಯ ಸಾಲ ಕಟ್ಟಿರುತ್ತಾಳೆ, ಮಗನ ಶಾಲೆ ಬದಲಿಸಿರುತ್ತಾಳೆ, ರಾತ್ರಿ ಹನ್ನೆರಡಕ್ಕೆ ಅತ್ತೆಯನ್ನು ದವಾಖಾನೆಗೆ ಸೇರಿಸಿರುತ್ತಾಳೆ. ಹಾಗಿರುವಾಗ "ಯಾರನ್ನ ಕೇಳಿ ಮಾಡಿದಿ?" ಎಂಬ ಒಂದು ಪ್ರಶ್ನೆ ವರ್ಷದ ದುಡಿಮೆಯನ್ನೆಲ್ಲ ಅಳಿಸಿಬಿಡುತ್ತದೆ. ಇದನ್ನು ಓದುತ್ತಿರುವ ಯೋಧರಿಗೆ ನನ್ನ ಕೋರಿಕೆ: ಮೊದಲ ಹತ್ತು ದಿನ ಮನೆಯ ಯಾವ ಏರ್ಪಾಡನ್ನೂ ಬದಲಿಸಬೇಡಿ, ಸುಮ್ಮನೆ ನೋಡಿ. ಹೇಗೆ ನಡೆಯುತ್ತಿದೆ ಎಂದು ಕೇಳಿ. ಆಮೇಲೆ ಇಬ್ಬರೂ ಕೂತು ಯಾವುದು ನಿಮಗೆ, ಯಾವುದು ಅವಳಿಗೆ ಎಂದು ಹಂಚಿಕೊಳ್ಳಿ. ನೀವು ಮತ್ತೆ ಹೊರಟಾಗ ಆ ಭಾರ ಹೊರುವವಳು ಅವಳೇ.

ಹೆಂಡತಿಯರಿಗೂ ಒಂದು ಮಾತು. ಮನೆ ನಿಮ್ಮ ಕೈಯಲ್ಲಿ ಸರಾಗವಾಗಿ ನಡೆಯುತ್ತಿದೆ ಎಂಬ ಕಾರಣಕ್ಕೆ ಅವರಿಗೆ ಏನೂ ಕೆಲಸ ಉಳಿಸದಿದ್ದರೆ ಅವರು ನೆಂಟರಂತೆ ಕೂರಬೇಕಾಗುತ್ತದೆ. ಕೆಟ್ಟ ಮೋಟಾರು, ಸೋರುವ ಹಂಚು, ಕೊಟ್ಟಿಗೆಯ ಗೋಡೆ ಇಂಥದ್ದನ್ನು ಅವರಿಗೇ ಬಿಡಿ. ಕೈಗೆ ಕೆಲಸ ಸಿಕ್ಕಿದರೆ ಮನಸ್ಸೂ ಊರಿಗೆ ಬರುತ್ತದೆ.

ತಾಯಿಗೆ ಮಗ ಬೇಕು, ಹೆಂಡತಿಗೆ ಗಂಡ ಬೇಕು, ದಿನಗಳು ಎಣಿಕೆಯವು. ಕೂಡು ಮನೆಯಲ್ಲಿ ಇಬ್ಬರೇ ಮಾತಾಡಲು ಮೂಲೆಯೂ ಸಿಗುವುದಿಲ್ಲ. ಅತ್ತೆಯಂದಿರೇ ಮುಂದಾಗಿ "ಇಬ್ಬರೂ ಸೊಗಲಕ್ಕ ಹೋಗಿ ಸೋಮೇಶ್ವರಗ ಕಾಯಿ ಒಡಸ್ಕೊಂಡ ಬರ್ರಿ, ಕೂಸನ್ನ ನಾ ನೋಡ್ಕೋತೀನಿ" ಎಂದು ಕಳಿಸಿದರೆ ಆ ಮನೆಯ ಸೊಸೆ ಅದನ್ನು ಜನ್ಮದಲ್ಲಿ ಮರೆಯುವುದಿಲ್ಲ. ಹಾಗೆಯೇ ಮಗ ಬೆಳಿಗ್ಗೆ ಒಂದಿಷ್ಟು ಹೊತ್ತು ತಾಯಿಯ ಒಲೆಯ ಮುಂದೆ ಕೂತರೆ ಆಕೆಗೂ ಸಾಕು.

ಗಂಡ ಹೆಂಡಿರ ನಡುವಿನ ಸಲಿಗೆ ಮೊದಲ ದಿನವೇ ಮರಳಬೇಕೆಂದಿಲ್ಲ. ಕೆಲವು ದಿನ ಇಬ್ಬರೂ ಅಪರಿಚಿತರಂತೆ ಅನಿಸುವುದು ಸಹಜ. ಅದನ್ನು ಪ್ರೀತಿ ಕಡಿಮೆಯಾಯಿತೆಂದು ಅರ್ಥ ಮಾಡಿಕೊಳ್ಳಬೇಡಿ.

9. ಮನಸ್ಸಿನ ಗಾಯ ಯಾವಾಗ ಡಾಕ್ಟರಿಗೆ

ಕೆಟ್ಟ ಕನಸು, ಸಣ್ಣ ಸದ್ದಿಗೂ ಬೆಚ್ಚುವುದು, ಜಾತ್ರೆ ಸಂತೆಯ ಗದ್ದಲ ಬೇಡವೆನ್ನುವುದು, ಬಾಗಿಲ ಕಡೆ ಮುಖ ಮಾಡಿಯೇ ಕೂರುವುದು ಮೊದಲ ವಾರಗಳಲ್ಲಿ ಹಲವರಿಗೆ ಇರುತ್ತದೆ, ತಾನಾಗಿ ಇಳಿಯುತ್ತದೆ. ತಿಂಗಳಾದರೂ ಇಳಿಯದಿದ್ದರೆ, ಕುಡಿತ ಹೆಚ್ಚಿದರೆ, ಸಿಟ್ಟು ಕೈಗೆ ಬಂದರೆ, ಜೊತೆಗಿದ್ದವನು ಸತ್ತು ತಾನು ಉಳಿದೆನೆಂಬ ಮಾತು ಮತ್ತೆ ಮತ್ತೆ ಬಂದರೆ ನೆರವು ಪಡೆಯಲೇಬೇಕು. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಸೇನೆಯವರಿಗಾಗಿ, ಅವರ ಮನೆಯವರಿಗಾಗಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಇದರ ಪ್ರತ್ಯೇಕ ಘಟಕ 2023ರ ಡಿಸೆಂಬರ್‌ನಲ್ಲಿ ಶುರುವಾಗಿದೆ. ಬೆಳಗಾವಿಯಲ್ಲಿ ಮಿಲಿಟರಿ ಆಸ್ಪತ್ರೆ ಇದೆ, ಬೆಂಗಳೂರಿನಲ್ಲಿ ಕಮಾಂಡ್ ಆಸ್ಪತ್ರೆಯೂ ನಿಮ್ಹಾನ್ಸೂ ಇವೆ. ಹೆಂಡತಿಯೂ ತನಗಾಗಿ ಫೋನ್ ಮಾಡಬಹುದು.

ಸಾಯುವ ಮಾತು ಬಂದರೆ ಒಬ್ಬರನ್ನೇ ಬಿಡಬೇಡಿ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಮನೆಯಲ್ಲಿ ಕೋವಿ ಇದ್ದರೆ, ಕೊಡಗಿನ ಮನೆಗಳಲ್ಲಿ ಇರುವುದು ಸಹಜವೇ, ಅದನ್ನು ಬೇರೆಯವರ ಮನೆಗೆ ಸಾಗಿಸಿ. ಕೀಟನಾಶಕದ ಡಬ್ಬಿಗಳಿಗೂ ಬೀಗ ಹಾಕಿ. "ಮಿಲ್ಟ್ರಿಯವ ಆಗಿ ಹಿಂಗ ಅಂತಿಯಲ್ಲ" ಎಂದು ಯಾರೂ ಅನ್ನಬಾರದು.

10. ಕಾಗದಪತ್ರ ಎರಡನೆಯ ವಾರದಲ್ಲೇ

ಮದುವೆಯಾಗಿದ್ದರೆ, ಮಗು ಹುಟ್ಟಿದ್ದರೆ ಅದು ಯೂನಿಟ್‌ನ ದಾಖಲೆಯಲ್ಲಿ ಪಾರ್ಟ್ ಟು ಆರ್ಡರ್ ಎಂಬ ಅಧಿಕೃತ ನಮೂದಾಗಿ ಸೇರಬೇಕು. ವಿವಾಹ ನೋಂದಣಿ ಪತ್ರ, ಜನನ ಪ್ರಮಾಣಪತ್ರ, ಆಧಾರ್, ಪ್ಯಾನ್, ಜಂಟಿ ಖಾತೆಯ ಪಾಸ್‌ಬುಕ್, ಜೋಡಿ ಫೋಟೋ ಒಂದೇ ಫೈಲಿಗೆ ಹಾಕಿ. ಮದುವೆಯ ನಂತರ ಹೆಸರು ಬದಲಿಸುವ ರೂಢಿ ನಮ್ಮಲ್ಲಿರುವುದರಿಂದ ಆಧಾರ್‌ನಲ್ಲಿ ಒಂದು, ಸೇನೆಯ ದಾಖಲೆಯಲ್ಲಿ ಇನ್ನೊಂದು ಹೆಸರಿದ್ದು ಮುಂದೆ ಪಿಂಚಣಿಗೆ ತೊಡಕಾಗುತ್ತದೆ. ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡಿ. ನಾಮಿನಿಯ ಹೆಸರು ಕೇಳಲು ಸಂಕೋಚ ಬೇಡ. ಜಮೀನಿನ ತಕರಾರಿದ್ದರೆ ಜಿಲ್ಲಾ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಗೆ ಖುದ್ದಾಗಿ ಹೋಗಿ ಬನ್ನಿ. ವಿಶೇಷ ಸನ್ನಿವೇಶದಲ್ಲಿ ಕರ್ತವ್ಯದಲ್ಲಿರುವ ಸೈನಿಕ ಕೋರ್ಟಿಗೆ ಬರಲಾಗದಿದ್ದರೆ ವಿಚಾರಣೆ ಮುಂದೂಡಲು 1925ರ ಸೈನಿಕರ ವ್ಯಾಜ್ಯ ಕಾಯ್ದೆಯಲ್ಲಿ ಅವಕಾಶವಿದೆ ಎಂಬುದು ನಿಮ್ಮ ವಕೀಲರಿಗೂ ತಿಳಿದಿರಲಿ.

11. ಹೊರಡುವ ವಾರ

ಕೊನೆಯ ವಾರ ಕಾರಣವಿಲ್ಲದೆ ಜಗಳ ಹತ್ತುತ್ತದೆ. ಅಗಲಿಕೆಯ ನೋವನ್ನು ಸಿಟ್ಟಿನಿಂದ ಮುಚ್ಚುವುದು ಮನುಷ್ಯರ ಸ್ವಭಾವ. ಇದು ಹೊರಡುವ ವಾರದ ಜಗಳ ಎಂದು ಇಬ್ಬರಿಗೂ ಗೊತ್ತಿದ್ದರೆ ಅದು ಬೆಳೆಯುವುದಿಲ್ಲ. ಮಕ್ಕಳಿಗೆ ಹೇಳದೆ, ಮಲಗಿದ್ದಾಗ ಹೊರಟುಹೋಗುವುದು ಬೇಡ. ಅತ್ತರೂ ಪರವಾಗಿಲ್ಲ, ಎಬ್ಬಿಸಿ ಹೇಳಿಯೇ ಹೋಗಲಿ. ಇಲ್ಲವಾದರೆ ಮುಂದಿನ ಸಲ ಅಪ್ಪ ಬಂದಾಗ ರಾತ್ರಿ ಮಲಗಲು ಮಗು ಹೆದರುತ್ತದೆ.

ವಾಪಸ್ ಟಿಕೆಟನ್ನು ಒಂದು ದಿನ ಮುಂಚೆ ಮುಟ್ಟುವಂತೆ ತೆಗೆಸಿ. ಸರಿಯಾದ ಕಾರಣವಿಲ್ಲದೆ ರಜೆ ಮೀರಿ ಉಳಿಯುವುದು 1950ರ ಸೇನಾ ಕಾಯ್ದೆಯ 39ನೆಯ ಕಲಂ ಪ್ರಕಾರ ಅಪರಾಧ. ಆದ್ದರಿಂದ "ಇನ್ನೆರಡು ದಿನ ಇರು" ಎಂದು ಒತ್ತಾಯಿಸಬೇಡಿ. ಕಾಯಿಲೆ ಬಿದ್ದರೆ ಹತ್ತಿರದ ಮಿಲಿಟರಿ ಆಸ್ಪತ್ರೆಗೆ ತೋರಿಸಿ, ಅದು ದೂರವಾದರೆ ಸರಕಾರಿ ಆಸ್ಪತ್ರೆಯ ಕಾಗದ ಪಡೆದು, ರಜೆ ಮುಗಿಯುವ ಮುಂಚೆಯೇ ಯೂನಿಟ್‌ಗೆ ತಿಳಿಸಿ. ಬುತ್ತಿಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ, ಉಂಡಿ ಕಟ್ಟಿ. ಬ್ಯಾರಕ್ಕಿನ ಗೆಳೆಯರು ಕೈ ಹಾಕದೆ ಬಿಡುವುದಿಲ್ಲ, ಅಳತೆ ಎರಡು ಪಟ್ಟು ಇರಲಿ.